ಅತ್ತೆಯ ಕಂಪ್ಯೂಟರಿಗೆ ಹುಳ ಹೊಕ್ಕ ಆದಿತ್ಯವಾರ

ನನ್ನ ಅತ್ತೆಯ ಮನೆಯಲ್ಲಿ ಮನುಷ್ಯರಿಗೆ ಜ್ವರ ಬಂದರೆ ಒಂದು ಲೋಟ ಕರಿಮೆಣಸಿನ ಕಷಾಯ, ಅಲ್ಲಿಗೆ ಮುಗಿಯಿತು. ಆದರೆ ಕಂಪ್ಯೂಟರ್ ಒಂದು ಕ್ಷಣ ತಡವರಿಸಿತೋ, ಮನೆಗೆ ಬಂದುಹೋದವರೆಲ್ಲರ ವಿಚಾರಣೆ ಶುರು! ಯಾರು ಬಂದಿದ್ದರು, ಎಲ್ಲಿ ಕುಳಿತಿದ್ದರು, ಕಿಸೆಯಲ್ಲಿ ಏನಿತ್ತು, ಮೌಸ್ ಮುಟ್ಟಿದ್ದು ಯಾರು? ಒಮ್ಮೆ ಕರೆಂಟು ಕಡಿಮೆಯಾಗಿ ಪರದೆ ಮಿನುಗಿದ್ದಕ್ಕೆ, ಮೀಟರ್ ಓದಲು ಬಂದು ಅಂಗಳದಿಂದಲೇ ಹಿಂದೆ ಹೋದ ಮನುಷ್ಯನ ಮೇಲೂ ಅವರಿಗೆ ಒಂದು ವಾರ ಅನುಮಾನ ಇತ್ತು.

ಅತ್ತೆ ಎಂದರೆ ಗಂಡನ ತಾಯಿ ಎಂದುಕೊಳ್ಳಬೇಡಿ. ಆ ಅತ್ತೆಯ ಬಗ್ಗೆ ಬರೆದು ಅಚ್ಚು ಹಾಕಿಸುವಷ್ಟು ಧೈರ್ಯ ನನಗಿಲ್ಲ. ಇವರು ಅಪ್ಪನ ತಂಗಿ. ಎಪ್ಪತ್ತು ದಾಟಿದವರು. ಪುತ್ತೂರು ಪೇಟೆಯಿಂದ ಸ್ವಲ್ಪ ಒಳಗೆ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಲ್ಲಿಂದ ನನ್ನ ಮನೆಗೆ ಹತ್ತು ನಿಮಿಷದ ದಾರಿ. ಮೂವತ್ತು ವರ್ಷಕ್ಕೂ ಮಿಕ್ಕಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ ಉತ್ತರ ಸಿದ್ಧ: "ದಿನಕ್ಕೆ ಇನ್ನೂರು ಗಂಡಸರ ಹಲೋ ಕೇಳಿ ಕಿವಿ ತೂತಾಗಿತ್ತು. ಮನೆಯಲ್ಲಿ ಕೂಡ ಹಲೋ ಹೇಳ್ಲಿಕ್ಕೆ ಒಬ್ಬ ಎಂತಕ್ಕೆ ಮಾರಾಯ್ತಿ?"

ಇಂಥವರಿಗೆ ಕಂಪ್ಯೂಟರ್ ಯಾಕೆ ಬೇಕಾಯಿತು? ರಕ್ತಕ್ಕೆ!

ಗಾಬರಿ ಬೇಡ, ಹೇಳುತ್ತೇನೆ. ಅತ್ತೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತಂತಿ ಚುಚ್ಚಿ ಲೈನ್ ಕೊಡುತ್ತಿದ್ದ ಕಾಲ ಅದು. ಸುಳ್ಯದ ಕಡೆಯ ಒಬ್ಬ ತಂದೆ ಆಸ್ಪತ್ರೆಯಿಂದ ಊರೂರಿಗೆ ಕರೆ ಮಾಡುತ್ತಿದ್ದನಂತೆ, ಮಗನಿಗೆ ರಕ್ತ ಬೇಕೆಂದು. ಲೈನ್ ಕೊಟ್ಟು ಕೊಟ್ಟು, ಅಳುವುದನ್ನು ಕೇಳಿ ಕೇಳಿ ಅತ್ತೆಗೆ ತಡೆಯಲಾಗಲಿಲ್ಲ. ತಾವೇ ನಾಲ್ಕು ಕಡೆ ಕೇಳಿ ಒಬ್ಬರನ್ನು ಹುಡುಕಿಕೊಟ್ಟರು. ಅಂದಿನಿಂದ ಯಾರದು ಯಾವ ಗುಂಪಿನ ರಕ್ತ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲು ಶುರುಮಾಡಿದರು. ಪುತ್ತೂರು, ಸುಳ್ಯ, ಕಡಬ, ಮೂರೂ ಕಡೆಯವರ ಹೆಸರು, ಫೋನು, ಹಿಂದಿನ ಸಲ ರಕ್ತ ಕೊಟ್ಟ ದಿನ, ಎಲ್ಲ ಅದರಲ್ಲಿ ಇತ್ತು. ನಿವೃತ್ತಿಯಾದ ಮೇಲೂ ಜನ ಬಿಡಲಿಲ್ಲ. ರಕ್ತ ಬೇಕೇ? ಟೆಲಿಫೋನಕ್ಕನಿಗೆ ಫೋನ್ ಮಾಡಿ!

ಒಂದು ಮಳೆಗಾಲ ಕಳೆದು ಪೆಟ್ಟಿಗೆ ತೆರೆದಾಗ ಪುಸ್ತಕದ ಅರ್ಧಭಾಗವನ್ನು ಗೆದ್ದಲು ತಿಂದಿತ್ತು. ಅತ್ತೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ನನ್ನನ್ನು ಕರೆದುಕೊಂಡು ಹೋಗಿ ಕಂಪ್ಯೂಟರ್ ಕೊಂಡರು. ಅಂಗಡಿಯಾತ ಎಲ್ಲ ವಿವರಿಸಿ ಕೊನೆಗೆ, "ಅಮ್ಮ, ಇದಕ್ಕೆ ಹುಳ, ವೈರಸ್ ಎಲ್ಲ ಬರ್ತದೆ, ಜಾಗ್ರತೆ" ಎಂದುಬಿಟ್ಟ.

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ಎಂತ? ಇದಕ್ಕೂ ಹುಳವಾ? ಹುಳದ ಕಾಟ ತಡೀಲಿಕ್ಕೆ ಆಗದೆ ನಾನು ಇಲ್ಲಿಗೆ ಬಂದದ್ದು ಮಾರಾಯ್ರೆ!"

ಅಂದು ಹುಟ್ಟಿದ ಭಯ ಇಂದಿಗೂ ಇದೆ. ಬಂದವರು ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಡಬೇಕು, ಪೆನ್ ಡ್ರೈವನ್ನು ಜಗಲಿಯ ಮೇಲೆ ಬಿಡಬೇಕು. ನನ್ನ ಅಪ್ಪ ಒಮ್ಮೆ ಮದುವೆಯ ಫೋಟೋ ತೋರಿಸುತ್ತೇನೆಂದು ಉತ್ಸಾಹದಿಂದ ಬಂದರೆ, "ನೀನು ಒಳಗೆ ಬಾ ಅಣ್ಣ, ಆ ಕಡ್ಡಿ ಹೊರಗೆ ಇರ್ಲಿ" ಎಂದರು. ನಾನು ಮಿಂಚಂಚೆ ಕಳಿಸಿದರೆ ಮೊದಲು ಫೋನ್ ಮಾಡಿ ತಿಳಿಸಬೇಕು. ತಿಳಿಸಿದರೂ ಸಾಲದು. "ಎಷ್ಟು ಸಾಲು ಉಂಟು? ಮೊದಲ ಶಬ್ದ ಎಂತ?" ಎಂದು ಪ್ರಶ್ನೆ ಬರುತ್ತದೆ. ಎಲ್ಲ ಹೇಳಿದ ಮೇಲೆ ಅತ್ತೆಯ ತೀರ್ಮಾನ: "ಮತ್ತೆ ಅದನ್ನು ನಾನು ಓದುದು ಯಾಕೆ? ನೀನು ಹೇಳಿ ಆಯ್ತಲ್ಲ!" ಅಳಿಸಿಯೇಬಿಡುತ್ತಾರೆ.

ಇಂಟರ್ನೆಟ್ಟಿನ ತಂತಿ ಸದಾ ಕಳಚಿಟ್ಟೇ ಇರುತ್ತಿತ್ತು. ದಿನಕ್ಕೆ ಹದಿನೈದು ನಿಮಿಷ ಮಾತ್ರ "ಲೈನ್ ಕೊಡುದು". ಅಷ್ಟರಲ್ಲಿ ವೈರಸ್ ತಡೆಯುವ ತಂತ್ರಾಂಶವನ್ನು ಹೊಸದು ಮಾಡಿಕೊಂಡು, ಹದಿನಾರನೆಯ ನಿಮಿಷಕ್ಕೆ "ಲೈನ್ ಕಟ್". ಪ್ರತಿ ಶುಕ್ರವಾರ ಆ ರಕ್ತದ ಪಟ್ಟಿಯ ಒಂದು ನಕಲನ್ನು ಬೇರೆ ಪೆನ್ ಡ್ರೈವಿಗೆ ಇಳಿಸಿ, ಅದನ್ನು ಸ್ಟೀಲು ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಅತ್ತೆಯ ಚಿನ್ನದ ಬಳೆ ಮಾತ್ರ ಯಾವಾಗಲೂ ಟೀವಿಯ ಮೇಲೆ!

ಒಮ್ಮೆ ಯಾರೋ ಒಬ್ಬ ಫೋನ್ ಮಾಡಿದ. ದೊಡ್ಡ ಕಂಪ್ಯೂಟರ್ ಕಂಪನಿಯವನಂತೆ. "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ ಮೇಡಂ, ನಾನು ಹೇಳಿದ್ದನ್ನು ಒತ್ತುತ್ತಾ ಹೋಗಿ" ಎಂದ. ನಾನು ಅಲ್ಲೇ ಇದ್ದೆ. ಇನ್ನೇನು ಬೈದು ಇಡುತ್ತಾರೆ ಎಂದುಕೊಂಡರೆ, ಅತ್ತೆ ತಮ್ಮ ಹಳೆಯ ಜೇನಿನ ಸ್ವರ ತೆಗೆದರು. "ಒಂದು ನಿಮಿಷ, ಲೈನ್ ಕೊಡುತ್ತೇನೆ." ಸ್ವಲ್ಪ ತಡೆದು ಗಂಟಲು ದಪ್ಪ ಮಾಡಿಕೊಂಡು, "ಹಲೋ, ಕೀಟ ವಿಭಾಗ. ಹುಳ ಎಷ್ಟು ಉದ್ದ ಉಂಟು?" ಎಂದರು. ಆತ ತಡಬಡಾಯಿಸಿದ. "ಕಾಲು ಉಂಟಾ, ಇಲ್ಲವಾ? ಕಾಲು ಇದ್ದರೆ ಬೇರೆ ವಿಭಾಗ. ಹೋಲ್ಡ್ ಮಾಡಿ." ಹೀಗೆ ಐದು ವಿಭಾಗ, ಐದು ಸ್ವರ! ನಲವತ್ತು ನಿಮಿಷ ಕಳೆದ ಮೇಲೆ ಆತನೇ ಸೋತು, "ಮೇಡಂ, ದಯವಿಟ್ಟು ಫೋನ್ ಇಡಿ" ಎಂದು ಬೇಡಿಕೊಂಡ. ಅತ್ತೆ ಬಿಡಬೇಕಲ್ಲ, ಟ್ರಂಕ್ ಕಾಲಿನ ಕಾಲದ ಮಾತು ತೆಗೆದರು. "ಮೂರು ನಿಮಿಷ ಮುಗಿಯಿತು. ಮುಂದುವರಿಸುತ್ತೀರಾ?"

ಇಷ್ಟೆಲ್ಲ ಕಾವಲಿದ್ದ ಕೋಟೆಯ ಬಾಗಿಲನ್ನು ಒಳಗಿನಿಂದ ತೆರೆದುಕೊಟ್ಟವರು ಯಾರು?

ನಾನು.

ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ತಪ್ಪು ಮಾಡಿ ಒಪ್ಪಿಕೊಳ್ಳದ ಮಕ್ಕಳನ್ನು ಎದ್ದು ನಿಲ್ಲಿಸಿ ಉಪದೇಶ ಮಾಡುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಸೋಮವಾರ ಕಿರುಪರೀಕ್ಷೆ ಇತ್ತು. ನನ್ನ ಮನೆಯ ಪ್ರಿಂಟರಿನ ಶಾಯಿ ಮುಗಿದಿದ್ದರಿಂದ, ಆದಿತ್ಯವಾರ ಬೆಳಿಗ್ಗೆ ಪ್ರಶ್ನೆಪತ್ರಿಕೆಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಅತ್ತೆಯ ಮನೆಗೆ ಹೋದೆ. ಅತ್ತೆ ನನ್ನ ಪೆನ್ ಡ್ರೈವನ್ನು ಎರಡು ಸಲ ಪರೀಕ್ಷೆ ಮಾಡಿಸಿದರು. ಶುದ್ಧ ಎಂದು ಖಾತ್ರಿಯಾದ ಮೇಲೆ ಚೀಲ ಹಿಡಿದು ಬಸಳೆ ತರಲು ಪೇಟೆಗೆ ಹೊರಟರು. ಮೆಟ್ಟಿಲಿಳಿದವರು ತಿರುಗಿ ನಿಂತು, "ಪ್ರಿಂಟ್ ತೆಗಿ, ಹೋಗು. ಲೈನ್ ಹಾಕ್ಬೇಡ" ಎಂದರು.

ಅವರ ಪಾಸ್‌ವರ್ಡ್ ಅವರನ್ನು ಬಿಟ್ಟರೆ ಈ ಲೋಕದಲ್ಲಿ ಇಬ್ಬರಿಗೇ ಗೊತ್ತಿದ್ದದ್ದು: ದೇವರಿಗೆ ಮತ್ತು ನನಗೆ. ದೇವರು ಇಂದಿನವರೆಗೆ ಅದನ್ನು ದುರುಪಯೋಗ ಮಾಡಿಲ್ಲ.

ಪತ್ರಿಕೆ ತೆರೆದು ನೋಡಿದರೆ ಏಳನೆಯ ಪ್ರಶ್ನೆ ಎರಡು ಸಲ ಬಂದಿತ್ತು. ತಿದ್ದೋಣವೆಂದರೆ ಅದು ಪಿಡಿಎಫ್, ಒಂದಕ್ಷರ ಅಲುಗಾಡುವುದಿಲ್ಲ; ಮೂಲಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ. ಅದನ್ನು ತಿದ್ದುವ ರೂಪಕ್ಕೆ ಪರಿವರ್ತಿಸುವ ತಂತ್ರಾಂಶ ಇಂಟರ್ನೆಟ್ಟಿನಲ್ಲಿ ಸಿಗುತ್ತದೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದು ನೆನಪಾಯಿತು. ಎರಡೇ ನಿಮಿಷದ ಕೆಲಸ ತಾನೇ? ತಂತಿ ಸಿಕ್ಕಿಸಿದೆ. ಹುಡುಕಿದೆ. 'ಉಚಿತ' ಎಂದು ದೊಡ್ಡ ಹಸಿರು ಬಟನ್ ಹೊಳೆಯುತ್ತಿತ್ತು. ಒತ್ತಿದೆ. ತಕ್ಷಣ ಅತ್ತೆಯ ವೈರಸ್ ಕಾವಲುಗಾರ ಕೆಂಪು ಪೆಟ್ಟಿಗೆಯಲ್ಲಿ ಎದ್ದು ನಿಂತ: ಇದು ಅಪಾಯಕಾರಿ, ಬೇಡ! ಹಸಿರು ಬಟನ್ನಿನವರು ಅದಕ್ಕೂ ಉಪಾಯ ಬರೆದಿದ್ದರು: 'ನಿಮ್ಮ ಕಾವಲನ್ನು ಸ್ವಲ್ಪ ಹೊತ್ತು ನಿಲ್ಲಿಸಿ.' ವಿಜ್ಞಾನದ ಟೀಚರು ಏನು ಮಾಡಿದರು? ನಿಲ್ಲಿಸಿದರು!

ಪತ್ರಿಕೆ ಪರಿವರ್ತನೆಯಾಯಿತು. ತಿದ್ದಿದೆ, ಪ್ರಿಂಟ್ ತೆಗೆದೆ. ಕಾವಲನ್ನು ಮತ್ತೆ ಶುರುಮಾಡಿ, ತಂತಿ ಕಳಚಿ, ಅದು ಮೊದಲು ಹೇಗೆ ಸುತ್ತಿಟ್ಟಿತ್ತೋ ಹಾಗೆಯೇ ಸುತ್ತಿಟ್ಟು ಮನೆಗೆ ಬಂದೆ. ಕಳ್ಳತನದಲ್ಲಿ ನನಗಿರುವ ಅಚ್ಚುಕಟ್ಟುತನ ಅಂದೇ ನನಗೆ ಗೊತ್ತಾದದ್ದು.

ಹನ್ನೊಂದೂವರೆಗೆ ಅತ್ತೆಯ ಫೋನ್ ಬಂತು. ಹಲೋ ಇಲ್ಲ, ಏನಿಲ್ಲ. "ಒಮ್ಮೆ ಬಾ."

ಹೋದೆ. ಅತ್ತೆ ಕಂಪ್ಯೂಟರಿನ ಎದುರು ಕೈಕಟ್ಟಿ ನಿಂತಿದ್ದರು. ಬಸಳೆಯ ಚೀಲ ನೆಲದ ಮೇಲೆ ಬಿದ್ದಿತ್ತು. ಪರದೆಯ ಮೇಲೆ ಒಂದೊಂದು ಕಡತದ ಹೆಸರಿಗೂ ಅರ್ಥವಿಲ್ಲದ ನಾಲ್ಕಕ್ಷರದ ಬಾಲ ಅಂಟಿಕೊಂಡಿತ್ತು. ಯಾವುದನ್ನು ಒತ್ತಿದರೂ ತೆರೆಯುತ್ತಿರಲಿಲ್ಲ. ಮಧ್ಯದಲ್ಲಿ ಇಂಗ್ಲಿಷಿನಲ್ಲಿ ಒಂದು ಚೀಟಿ: ನಿಮ್ಮ ಎಲ್ಲ ಕಡತಗಳಿಗೆ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಾದರೆ ಹಣ ಕಳಿಸಿ.

"ಪ್ರಿಂಟರಿನ ತಂತಿಯನ್ನೂ ತೆಗೆದಿದ್ದೇನೆ" ಎಂದರು ಅತ್ತೆ. ಅವರ ಸ್ವರ ಬಹಳ ಸಣ್ಣದಾಗಿತ್ತು. "ಪಟ್ಟಿ ಹೋಯ್ತು ಮಾರಾಯ್ತಿ."

ಹೇಳಬೇಕು, ಈಗಲೇ ಹೇಳಬೇಕು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆಯೇ ಮಾತನಾಡಿದರು. "ನಿನ್ನ ಕಡ್ಡಿಯಲ್ಲಿ ಎಂತದೂ ಇರ್ಲಿಲ್ಲ. ನಿನ್ನೆ ಲೈನ್ ಕೊಟ್ಟಿದ್ದಾಗ ನಾನೇ ಎಂತದೋ ಒತ್ತಿದ್ದೇನೆ ಕಾಣ್ತದೆ. ಎಂತ ಒತ್ತಿದ್ದು ಅಂತ ನೆನಪಾಗುದಿಲ್ಲ. ಪೇಟೆಯಿಂದ ಬಂದಾಗಿನಿಂದ ಯೋಚನೆ ಮಾಡ್ತಾ ಇದ್ದೇನೆ, ನೆನಪಾಗುದೇ ಇಲ್ಲ."

ತೆರೆದ ಬಾಯಿಯನ್ನು ನಾನು ಏನು ಮಾಡಿದೆ ಗೊತ್ತೇ? ಮುಚ್ಚಿದೆ! ಹತ್ತನೆಯ ತರಗತಿಯ ಹುಡುಗನಾಗಿದ್ದರೆ ಅಷ್ಟಕ್ಕೇ ಪೀರಿಯಡ್ ಮುಗಿಯುವವರೆಗೆ ನಿಲ್ಲಿಸಿಬಿಡುತ್ತಿದ್ದೆ.

ಫೋನ್ ಹೊಡೆದುಕೊಂಡದ್ದು ಆಗಲೇ.

ಅತ್ತೆ ಮೊಬೈಲಿನ ಸ್ಪೀಕರ್ ಒತ್ತಿದರು. ಯಾರೋ ಯುವಕ, ಅಜ್ಜಾವರದವನಂತೆ, ಪುತ್ತೂರಿನ ಆಸ್ಪತ್ರೆಯಿಂದ ಮಾತಾಡುತ್ತಿದ್ದ. ಉಸಿರು ಹಿಡಿಯಲಾಗದೆ ಮಾತು ತುಂಡಾಗುತ್ತಿತ್ತು. "ಅಕ್ಕ, ತಂಗಿಗೆ ಹೆರಿಗೆ ಆಯ್ತು. ಮಗು ಹುಷಾರುಂಟು. ತಂಗಿಗೆ ರಕ್ತ ನಿಲ್ಲುದಿಲ್ಲ. ಓ ನೆಗೆಟಿವ್ ಅಂತೆ. ಇಲ್ಲಿ ಇದ್ದ ಒಂದು ಬಾಟ್ಲಿ ಕೊಟ್ಟಾಯ್ತು. ಮಂಗಳೂರಿಂದ ತರಿಸ್ತಾರಂತೆ, ಆದರೆ ಅಷ್ಟು ಹೊತ್ತು ಕಾಯ್ಲಿಕ್ಕೆ ಆಗುದಿಲ್ಲ ಹೇಳ್ತಾರೆ. ಇಲ್ಲೇ ಎರಡು ಜನ ಸಿಕ್ಕಿದರೆ..."

ಓ ನೆಗೆಟಿವ್ ರಕ್ತ ಯಾರಿಗೆ ಬೇಕಾದರೂ ಕೊಡಬಹುದು; ಆದರೆ ಆ ಗುಂಪಿನವರಿಗೆ ಬೇರೆ ಯಾವ ರಕ್ತವೂ ಆಗುವುದಿಲ್ಲ. ನಾನೇ ತರಗತಿಯಲ್ಲಿ ಹೇಳಿಕೊಡುವ ಪಾಠ.

"ಫೋನ್ ಹತ್ತಿರವೇ ಇರು. ಮಾಡ್ತೇನೆ" ಎಂದರು ಅತ್ತೆ. ಫೋನ್ ಇಟ್ಟವರು ಆ ಸತ್ತ ಪರದೆಯನ್ನು ಒಮ್ಮೆ ನೋಡಿದರು. ಮತ್ತೆ ಸೀದಾ ಹೋಗಿ ಕಪಾಟು ತೆರೆದು ಸ್ಟೀಲು ಡಬ್ಬಿ ತೆಗೆದರು.

ಪೆನ್ ಡ್ರೈವ್! ನಾವೆಲ್ಲ ನಕ್ಕಿದ್ದ ಶುಕ್ರವಾರದ ನಕಲು! ನನಗೆ ಹೋದ ಜೀವ ಬಂತು. ಕೈ ಚಾಚಿ, "ಕೊಡಿ ಅತ್ತೆ, ಹಾಕಿ ನೋಡ್ತೇನೆ" ಎಂದೆ.

"ಹುಚ್ಚಾ ನಿನಗೆ?" ಅತ್ತೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. "ಇದಕ್ಕೆ ಚುಚ್ಚಿದರೆ ಇದೂ ಹೋಯ್ತು. ನಿನ್ನ ಮನೆಗೆ ನಡಿ."

ರಿಕ್ಷಾದಲ್ಲಿ ಕುಳಿತಾಗ ಎರಡನೆಯ ಸಲ ಬಾಯಿ ತೆರೆದೆ. ಅತ್ತೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣುಮುಚ್ಚಿ ಏನೋ ಪಿಸುಗುಡುತ್ತಿದ್ದರು. ಜಪವೋ, ಫೋನ್ ನಂಬರೋ ತಿಳಿಯಲಿಲ್ಲ. ಇವರಿಗೆ ಈಗ ತೊಂದರೆ ಕೊಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗಳಿಗೆ ಕಾರಣಗಳು ಎಷ್ಟು ಬೇಗ ಸಿಗುತ್ತವೆ!

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೆರೆಯಿತು. ಉದ್ದಕ್ಕೆ ಹೆಸರುಗಳು ಇಳಿಯುತ್ತಾ ಹೋದವು. ನಾನು ಖುಷಿಯಿಂದ ಅತ್ತೆಯ ಮುಖ ನೋಡಿದೆ. ಅವರು ಪಟ್ಟಿಯನ್ನು ನೋಡುತ್ತಿರಲಿಲ್ಲ. ಅದರ ಮೇಲಿದ್ದ ತಾರೀಕನ್ನು ನೋಡುತ್ತಿದ್ದರು. ಆ ನಕಲು ಇಳಿಸಿ ಐದು ತಿಂಗಳಾಗಿತ್ತು.

"ಶುಕ್ರವಾರ ಶುಕ್ರವಾರ ಮಾಡ್ತಿದ್ದೆನಲ್ಲ" ಎಂದರು. "ಮಾಡ್ತಿದ್ದೆನಲ್ಲ? ನೀನು ನೋಡಿದ್ದೀಯಲ್ಲ?"

ನಾನು ನೋಡಿದ್ದೆ ನಿಜ. ಆದರೆ ಯಾವಾಗ ನೋಡಿದ್ದು ಎಂದು ಯೋಚಿಸಿದರೆ, ಮಳೆಗಾಲಕ್ಕಿಂತ ಮೊದಲು.

ಮಾತಿಗೆ ಸಮಯ ಇರಲಿಲ್ಲ. ಪಟ್ಟಿಯಲ್ಲಿ ಓ ನೆಗೆಟಿವ್‌ನವರು ಆರು ಜನ. ಅತ್ತೆ ನನ್ನ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಒಂದೊಂದೇ ನಂಬರ್ ಒತ್ತಿದರು. ಮೊದಲನೆಯವ ಊರು ಬಿಟ್ಟು ಸೌದಿಗೆ ಹೋಗಿದ್ದ. ಎರಡನೆಯ ಹೆಂಗಸು ತಾನೇ ಬಸುರಿ. ಮೂರನೆಯವನ ಫೋನ್ ಸ್ವಿಚ್ ಆಫ್. ನಾಲ್ಕನೆಯವರಿಗೆ ಫೋನ್ ಮಾಡಿದಾಗ ಅವರ ಮಗ ಎತ್ತಿದ. ಅತ್ತೆ, "ಯಾವಾಗ ಹೋದರು ಮಗಾ? ನನಗೆ ಗೊತ್ತೇ ಆಗ್ಲಿಲ್ಲ" ಎಂದರು. ಐದನೆಯವರು ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದರು. ಆದರೂ ಬರುತ್ತೇನೆಂದು ಹಟ ಹಿಡಿದರು. ಅತ್ತೆ ಒಪ್ಪಲಿಲ್ಲ. "ನಿಮ್ಮನ್ನು ಮಲಗಿಸಿ ಅವಳನ್ನು ಎಬ್ಬಿಸುದು ಬೇಡ." ಆರನೆಯವ ಪುತ್ತೂರಿನಲ್ಲೇ ರಿಕ್ಷಾ ಓಡಿಸುವವ. ತುಳುವಿನಲ್ಲಿ ಮಾತು ಎರಡೇ ವಾಕ್ಯಕ್ಕೆ ಮುಗಿಯಿತು. ಬಾಡಿಗೆಯವರನ್ನು ಇಳಿಸಿ ಆತ ನೇರ ಆಸ್ಪತ್ರೆಗೆ ಹೊರಟ.

ಒಬ್ಬ ಆದ. ಇನ್ನೊಬ್ಬರು?

"ಸುಳ್ಯದ ಕಡೆ, ಐವರ್ನಾಡಿನಲ್ಲಿ ಒಬ್ಬಳು ಇದ್ದಾಳೆ" ಎಂದರು ಅತ್ತೆ. "ಎರಡು ತಿಂಗಳ ಹಿಂದೆ ಅಲ್ಲಿ ಕ್ಯಾಂಪ್ ಆಯ್ತಲ್ಲ, ಗುಂಪು ಪರೀಕ್ಷೆ ಮಾಡುದು. ನಾನು ಹೋಗಿದ್ದೆ. ಅಲ್ಲಿ ಸಿಕ್ಕಿದ್ದು. ಬಂದು ಟೈಪ್ ಮಾಡಿ, ಚೀಟಿ ಸ್ನಾನದ ಒಲೆಗೆ ಹಾಕಿದೆ. ಹೆಸರು..."

ನಾನು ಕಾದೆ.

"ಹೆಸರು..."

ಅತ್ತೆ ಹಣೆಯನ್ನು ಬೆರಳಿನಿಂದ ತಟ್ಟಿಕೊಂಡರು. ಒಂದು ಕಾಲದಲ್ಲಿ ಮೂರು ಪೇಟೆಯ ನಂಬರುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದವರು ಅವರು. ಸ್ವರ ಕೇಳಿಯೇ ಯಾರ ಮನೆಯವರೆಂದು ಹೇಳುತ್ತಿದ್ದರು. ಈಗ ಆ ಒಂದು ಹೆಸರಿಗಾಗಿ ಗೋಡೆ ನೋಡುತ್ತಾ, ನೆಲ ನೋಡುತ್ತಾ ಕುಳಿತಿದ್ದರು. ಫೋನ್ ಮತ್ತೆ ಹೊಡೆದುಕೊಂಡಿತು. ಆ ಯುವಕನೇ. "ಅಕ್ಕ, ಒಬ್ಬರು ಬಂದರು. ಇನ್ನೊಬ್ಬರು ಸಿಕ್ಕಿದರಾ?"

"ಹುಡುಕ್ತಾ ಇದ್ದೇನೆ" ಎಂದರು ಅತ್ತೆ.

ನಾನು ಮೂರನೆಯ ಸಲ ಬಾಯಿ ತೆರೆದೆ. ಮೂರನೆಯ ಸಲವೂ ಮುಚ್ಚಿದೆ. ಆ ಹೆಸರು ಕಂಪ್ಯೂಟರಿನಲ್ಲಿ ಇತ್ತು. ಬೆಳಿಗ್ಗೆ ಹತ್ತು ಗಂಟೆಯವರೆಗೆ ಇತ್ತು. ಹಸಿರು ಬಟನ್ ಒತ್ತುವವರೆಗೆ ಇತ್ತು. ಆಸ್ಪತ್ರೆಯಲ್ಲಿ ಮಲಗಿರುವ ಆ ಹೆಂಗಸಿಗೆ ಏನಾದರೂ ಆದರೆ, ಏಳನೆಯ ಪ್ರಶ್ನೆ ಎರಡು ಸಲ ಬಂದದ್ದಕ್ಕಾಗಿ ಹಾಗಾಯಿತು ಎಂದು ಯಾರಲ್ಲಿ ಹೇಳಲಿ?

ಅತ್ತೆ ಥಟ್ಟನೆ ಫೋನ್ ಎತ್ತಿಕೊಂಡರು. "ಅಲ್ಲಿ ರಸ್ತೆ ಬದಿಯಲ್ಲಿ ಒಂದು ದಿನಸಿ ಅಂಗಡಿ ಉಂಟು. ಆ ಊರಿಗೆ ಮೊದಲು ಫೋನ್ ಬಂದದ್ದು ಅವರಿಗೆ. ಮೊಬೈಲ್ ಅಲ್ಲಿ ಸಿಗುದಿಲ್ಲ; ತಂತಿ ಫೋನ್ ಇನ್ನೂ ಇಟ್ಟುಕೊಂಡಿದ್ದರೆ..." ಎನ್ನುತ್ತಲೇ ನಂಬರ್ ಒತ್ತಿದರು. ಯಾವುದನ್ನೂ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ! ಎರಡು ತಿಂಗಳ ಹಿಂದಿನ ಹೆಸರು ಇಲ್ಲ. ಮೂವತ್ತು ವರ್ಷದ ಹಿಂದಿನ ನಂಬರ್ ಬೆರಳ ತುದಿಯಲ್ಲೇ ಇದೆ.

ರಿಂಗ್ ಆಯಿತು. ಬಹಳ ಹೊತ್ತು ಆಯಿತು. ಕೊನೆಗೆ ಒಂದು ಹೆಣ್ಣುಸ್ವರ ಕೇಳಿಸಿತು. ಅಂಗಡಿಯ ಮನೆಯ ಸೊಸೆಯಂತೆ. ಅತ್ತೆ ಆ ಕಡೆಯವರ ಮನೆಮಾತಾದ ಅರೆಭಾಷೆಗೆ ಹೊರಳಿ ಎರಡು ಮಾತಿನಲ್ಲಿ ತಮ್ಮ ಪರಿಚಯ ಹೇಳಿಕೊಂಡರು. ಆಚೆಯವರು ಕನ್ನಡದಲ್ಲೇ, "ಟೆಲಿಫೋನಕ್ಕನಾ? ನಮ್ಮ ಮಾವ ನಿಮ್ಮ ವಿಷಯ ಹೇಳ್ತಿದ್ದರು" ಎಂದರು.

"ಅದೆಲ್ಲ ಮತ್ತೆ ಮಾತಾಡುವ. ಒಬ್ಬಳನ್ನು ಹುಡುಕ್ಬೇಕು. ಕ್ಯಾಂಪಿಗೆ ಬಂದಿದ್ದಳು. ಹೆಸರು ನನಗೆ ಬರುದಿಲ್ಲ. ಎತ್ತರ ಉಂಟು. ನೀಲಿ ಚೂಡಿದಾರ. ಚಪ್ಪಲಿಗೆ ಪಿನ್ ಹಾಕಿದ್ದಳು." ಅತ್ತೆ ಕಣ್ಣು ಮುಚ್ಚಿಕೊಂಡರು. "ರುಜು ಹಾಕಿದ್ದು ಎಡಗೈಯಲ್ಲಿ."

"ಎಡಗೈಯಾ?" ಎಂದರು ಆಚೆಯವರು. "ರಬ್ಬರ್ ಟ್ಯಾಪಿಂಗಿಗೆ ಹೋಗುವ ಹೇಮಾವತಿ ಇರ್ಬೇಕು! ಅವಳು ಎಡಗೈಯಲ್ಲೇ ಕತ್ತಿ ಹಿಡಿಯುದು."

"ಹೇಮಾವತಿ!" ಅತ್ತೆ ಅಕ್ಷರಶಃ ಕಿರುಚಿದರು. "ಅವಳೇ! ಫೋನ್ ಸಿಗ್ತದಾ?"

"ಅವಳ ಮನೆಯಲ್ಲಿ ಸಿಗ್ನಲ್ ಇಲ್ಲ. ನೀವು ಇಡಿ. ನಾನೇ ಸ್ಕೂಟರಿನಲ್ಲಿ ಹೋಗ್ತೇನೆ."

ಆಮೇಲಿನ ಇಪ್ಪತ್ತೈದು ನಿಮಿಷ ನಾವು ಆ ಫೋನನ್ನು ನೋಡುತ್ತಾ ಕುಳಿತೆವು. ನಾನು ಚಹಾ ಮಾಡಿದೆ, ಇಬ್ಬರೂ ಕುಡಿಯಲಿಲ್ಲ. ಅತ್ತೆ ಒಮ್ಮೆ ಕೈಗಡಿಯಾರ ನೋಡಿದರು, ಒಮ್ಮೆ ಗೋಡೆಯ ಗಡಿಯಾರ ನೋಡಿದರು. ಎರಡಕ್ಕೂ ಇದ್ದ ಒಂದು ನಿಮಿಷದ ವ್ಯತ್ಯಾಸಕ್ಕೆ ನನ್ನನ್ನು ಬೈದರು. ಕೊನೆಗೂ ಫೋನ್ ಬಂತು. ಹೇಮಾವತಿ ಸಿಕ್ಕಿದ್ದಳು. ಬಟ್ಟೆ ಒಗೆಯುತ್ತಿದ್ದವಳು ಒಗೆತ ಅರ್ಧಕ್ಕೆ ಬಿಟ್ಟು ಸ್ಕೂಟರ್ ಹತ್ತಿ ಅಂಗಡಿಯವರೆಗೆ ಬಂದಿದ್ದಳು. "ಅಕ್ಕ, ಆದಿತ್ಯವಾರ ಬಸ್ಸು ಕಡಿಮೆ. ಕಾದರೆ ತಡ ಆಗ್ತದೆ. ಇವರ ಸ್ಕೂಟರಿನಲ್ಲೇ ಬರ್ತೇವೆ. ಊಟ ಆಗಿದೆ ನನಗೆ, ತೊಂದರೆ ಇಲ್ಲ."

ಊಟ ಆಗಿದೆಯೇ ಎಂದು ಅತ್ತೆ ಕೇಳುವ ಮೊದಲೇ ಹೇಳಿದ್ದಳು. ರಕ್ತ ಕೊಡುವವರು ಹಸಿದಿರಬಾರದು ಎಂಬ ಅತ್ತೆಯ ಪಾಠವನ್ನು ಆಕೆ ಎರಡು ತಿಂಗಳಾದರೂ ಮರೆತಿರಲಿಲ್ಲ.

ಇಬ್ಬರು ಹೆಂಗಸರು, ಒಂದು ಸ್ಕೂಟರ್, ಸುಡು ಮಧ್ಯಾಹ್ನ, ಪುತ್ತೂರಿನವರೆಗೆ ತಿರುವಿನ ಮೇಲೆ ತಿರುವು. ನಾನು ಆಸ್ಪತ್ರೆಯ ಗೇಟಿಗೆ ಹೋಗಿ ನಿಂತೆ. ಅತ್ತೆ ಬರಲಿಲ್ಲ. "ಫೋನಿಗೆ ಕೂತವಳು ಜಾಗ ಬಿಟ್ಟು ಏಳುದಿಲ್ಲ" ಎಂದರು. ಬಂದ ಪ್ರತಿಯೊಂದು ಸ್ಕೂಟರನ್ನೂ ನಾನು ಓಡಿ ತಡೆದೆ. ಒಬ್ಬರು ಔಷಧಿಗೆ ಬಂದವರು, ಒಬ್ಬರು ಊಟದ ಕ್ಯಾರಿಯರ್ ತಂದವರು. ಮೂರನೆಯ ಸ್ಕೂಟರಿನ ಹಿಂದಿನಿಂದ ಎತ್ತರದ ಹುಡುಗಿಯೊಬ್ಬಳು ಇಳಿದಳು. ಚೂಡಿದಾರದ ಅಂಚು ಇನ್ನೂ ಸಾಬೂನಿನ ನೀರಿಗೆ ಒದ್ದೆಯಾಗಿತ್ತು. "ಎಲ್ಲಿಗೆ ಹೋಗುದು?" ಎಂದಳು, ಅಷ್ಟೇ.

ಸಂಜೆ ನಾಲ್ಕಕ್ಕೆ ಆ ಅಣ್ಣ ಅತ್ತೆಗೆ ಫೋನ್ ಮಾಡಿ ಹೇಳಿದ: ರಕ್ತ ನಿಂತಿದೆ, ತಂಗಿ ಕಣ್ಣು ಬಿಟ್ಟು ಮಗು ಎಲ್ಲಿ ಎಂದು ಕೇಳಿದ್ದಾಳೆ. ಅತ್ತೆ "ಆಯ್ತು, ಒಳ್ಳೇದಾಯ್ತು" ಎಂದು ಫೋನ್ ಇಟ್ಟು, ತಣ್ಣಗಾದ ಆ ಚಹಾವನ್ನು ಒಂದೇ ಗುಟುಕಿಗೆ ಕುಡಿದರಂತೆ.

ಇಲ್ಲಿಗೆ ಕಥೆ ಮುಗಿಸಿದರೆ ನನಗೆ ಎಷ್ಟು ಅನುಕೂಲ! ಆದರೆ ಬುಧವಾರ ನಾನು ಶಾಲೆಯಿಂದ ಬರುವಾಗ ಅತ್ತೆ ಕರೆ ಕಳುಹಿಸಿದರು. ಹೋಗಿ ನೋಡಿದರೆ ಕಂಪ್ಯೂಟರಿಗೆ ಹಳೆಯ ಸೀರೆ ಹೊದಿಸಿಟ್ಟಿತ್ತು. ರಿಪೇರಿಯವನಿಗೆ ಹೇಳಿಯೂ ಇರಲಿಲ್ಲ. ಮೇಜಿನ ಮೇಲೆ ಆ ಸ್ಟೀಲು ಡಬ್ಬಿ, ಪಕ್ಕದಲ್ಲಿ ಕ್ಯಾಲೆಂಡರಿನ ಹರಿದ ಹಾಳೆಯೊಂದು ಮಗುಚಿ ಇಟ್ಟಿತ್ತು.

"ಇನ್ನು ಪಟ್ಟಿ ನೀನು ಇಟ್ಟುಕೋ" ಎಂದು ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದರು. "ಫೋನ್ ಬಂದರೆ ನಿನ್ನ ನಂಬರ್ ಕೊಡ್ತೇನೆ. ನನ್ನ ಕೈಯಲ್ಲಿ ಇನ್ನು ಅದು ಬೇಡ."

"ಯಾಕೆ ಅತ್ತೆ?"

ಅವರು ಹಾಳೆಯನ್ನು ತಿರುಗಿಸಿದರು. ಆಪರೇಟರಿನ ದುಂಡು ಅಕ್ಷರದಲ್ಲಿ ಸಾಲಾಗಿ ಬರೆದಿದ್ದರು. ಗ್ಯಾಸಿನ ಮೇಲೆ ಹಾಲು ಮರೆತದ್ದು. ಶುಕ್ರವಾರದ ನಕಲು. ಹೇಮಾವತಿಯ ಹೆಸರು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: 'ಕಂಪ್ಯೂಟರಿಗೆ ಹುಳ ಬಿಟ್ಟದ್ದು. ಹೇಗೆಂದು ನೆನಪಿಲ್ಲ.'

"ಬಾಕಿ ಮೂರು ಎಲ್ಲರಿಗೂ ಆಗ್ತದೆ ಅಂತ ಇಟ್ಟುಕೊಳ್ಳುವ" ಎಂದರು. "ಆದರೆ ಇದು? ಇಷ್ಟು ವರ್ಷ ಕಾದು, ನಾನೇ ಒತ್ತಿ, ಒತ್ತಿದ್ದೇ ನೆನಪಿಲ್ಲ ಅಂದರೆ! ಮೂರು ದಿನ ಆಯ್ತು ನಿದ್ದೆ ಬಾರದೆ. ನಾಳೆ ಯಾರನ್ನಾದರೂ ಸಾಯಿಸಿಬಿಟ್ಟೇನು."

ಆಗ ಹೇಳಿದೆ. ಒಂದೇ ಉಸಿರಿಗೆ ಹೇಳಿದೆ: ಏಳನೆಯ ಪ್ರಶ್ನೆ, ತಂತಿ, ಹಸಿರು ಬಟನ್, ಕೆಂಪು ಪೆಟ್ಟಿಗೆ, ನಿಲ್ಲಿಸಿದ ಕಾವಲು. ಮತ್ತೆ ತಂತಿ ಸುತ್ತಿಟ್ಟದ್ದನ್ನೂ ಬಿಡಲಿಲ್ಲ. ಕಣ್ಣು ನೆಲದ ಮೇಲಿಟ್ಟು ಗುಡುಗಿಗಾಗಿ ಕಾದೆ.

ಗುಡುಗು ಬರಲಿಲ್ಲ.

"ಕೆಂಪು ಬಂದದ್ದನ್ನು ನಿಲ್ಲಿಸಿದ್ದು ಯಾರು?" ಎಂದರು ಅತ್ತೆ, ಮೆಲ್ಲಗೆ.

"ನಾನು."

"ನಾನಲ್ಲ?"

"ನೀವಲ್ಲ ಅತ್ತೆ. ನೀವು ಬಸಳೆ ತರ್ಲಿಕ್ಕೆ ಹೋಗಿದ್ದಿರಿ."

"ಮತ್ತೆ ಶುಕ್ರವಾರದ್ದು? ಅದೂ ನೀನಾ?"

ಹೌದು ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. "ಅದು ನೀವೇ ಅತ್ತೆ. ಇನ್ನು ಶುಕ್ರವಾರ ನಾನು ಬರ್ತೇನೆ, ಒಟ್ಟಿಗೆ ಮಾಡುವ" ಎಂದೆ.

ಅತ್ತೆ ಸರಿ ಎನ್ನುವ ಹಾಗೆ ತಲೆಯಾಡಿಸಿದರು. ಕನ್ನಡಕ ಏರಿಸಿ, ಪೆನ್ನು ಹುಡುಕಿ, ಹಾಳೆಯ ಕೊನೆಯ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಹೊಡೆದು ಹಾಕಿದರು. ಡಬ್ಬಿಯನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು. ಆಗ ನೋಡಿದೆ, ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

"ಇನ್ನೊಮ್ಮೆ ಹೇಳು ಮಗಾ" ಎಂದರು. "ಯಾರು ಒತ್ತಿದ್ದು?"

"ನಾನು ಅತ್ತೆ."

"ಇನ್ನೊಮ್ಮೆ."

ಹೇಳಿದೆ. ನಾಲ್ಕು ಸಲ ಹೇಳಿಸಿದರು. ನಾಲ್ಕನೆಯ ಸಲ ಹೇಳುವಾಗ ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು.